ನಿಮ್ಮ ಬಡಾವಣೆಯ ನಾಟಕ, ಸಂಗೀತ ಕಛೇರಿಯ ಮಾಹಿತಿ ರೇಡಿಯೊದಲ್ಲೂ ಕೇಳಿಸಲಿ

ನಾಟಕ, ತಾಳಮದ್ದಳೆ, ಮಕ್ಕಳ ಸಂಗೀತ ಕಛೇರಿ ಇಟ್ಟುಕೊಂಡವರು ವಾಟ್ಸಾಪ್‌ಗೆ ಪೋಸ್ಟರ್ ಹಾಕಿ ಸುಮ್ಮನಾಗಬೇಡಿ. ಸಮುದಾಯ ರೇಡಿಯೊಗೂ, ಅಂದರೆ ಸ್ಥಳೀಯ ಜನರಿಗಾಗಿಯೇ ಇರುವ ಸಣ್ಣ ರೇಡಿಯೊ ಕೇಂದ್ರಕ್ಕೂ, ಮಾಹಿತಿ ಕಳಿಸಿ. ಬೆಂಗಳೂರಿನಲ್ಲಿ ಎಫ್‌ಎಂ 90.4ರಲ್ಲಿ 'ರೇಡಿಯೊ ಆಕ್ಟಿವ್' ಅನ್ನುವ ಕೇಂದ್ರ ಇದೆ. ಇಂಥ ಕೇಂದ್ರಗಳು ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನಷ್ಟೇ ಕೊಡಬಹುದು. ಆದರೆ ಊರಿನ ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮದ ಮಾಹಿತಿ ಹೇಳಲು ಅಡ್ಡಿಯಿಲ್ಲ. ನಮಗೆ ಬೇಕಾದ್ದೂ ಅದೇ ಅಲ್ವಾ?

ಬರೀ ಪೋಸ್ಟರ್ ಕಳಿಸಿದರೆ ಓದುವವರಿಗೆ ಕಷ್ಟ. ಬಾಯಲ್ಲಿ ಹೇಳುವ ಹಾಗೆ ನಾಲ್ಕು ಸಾಲು ಬರೆದುಕೊಡಿ: "ಈ ಭಾನುವಾರ ಸಂಜೆ ಆರೂವರೆಗೆ, ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಮಕ್ಕಳ ನಾಟಕ. ಪ್ರವೇಶ ಉಚಿತ." ಅತಿಥಿಗಳ ಬಿರುದು, ಪ್ರಾಯೋಜಕರ ಪಟ್ಟಿ ಖಂಡಿತ ಬೇಡ. ಅದರ ಬದಲು ಹತ್ತಿರದ ಬಸ್ ಸ್ಟಾಪ್ ಹೇಳಿ, ವಯಸ್ಸಾದವರಿಗೆ ತುಂಬಾ ಅನುಕೂಲ. ಅಡುಗೆ ಮಾಡುತ್ತಾ ಕೇಳುವವರು ಮೊದಲ ಸಾಲು ತಪ್ಪಿಸಿಕೊಂಡಿರುತ್ತಾರೆ, ಹಾಗಾಗಿ ದಿನ, ಜಾಗ ಎರಡನ್ನೂ ಕೊನೆಯಲ್ಲಿ ಮತ್ತೊಮ್ಮೆ ಹಾಕಿ.

ಕಲಾವಿದರ ಹೆಸರು ಹೇಗೆ ಉಚ್ಚರಿಸಬೇಕು ಅಂತ ಒಂದು ವಾಯ್ಸ್ ಮೆಸೇಜ್ ಜೊತೆಗಿಡಿ. ತಮ್ಮ ಹೆಸರನ್ನು ಸರಿಯಾಗಿ ಕೇಳಿದಾಗ ಮಕ್ಕಳಿಗೆ ಆಗುವ ಖುಷಿಯೇ ಬೇರೆ. ಇವೆಲ್ಲ ಕನಿಷ್ಠ ಒಂದು ವಾರ ಮುಂಚೆ ರೇಡಿಯೊ ಕೇಂದ್ರದವರ ಕೈ ಸೇರಲಿ.