ಬಯಾಪ್ಸಿ ರಿಪೋರ್ಟ್‌ನ ಆ ಒಂದು ಪದ ಓದುವುದು ಹೇಗೆ?

ಬಾಯಿಯ ಹುಣ್ಣು ತಿಂಗಳಾದರೂ ವಾಸಿಯಾಗಲಿಲ್ಲ ಅಂತ ಡಾಕ್ಟರು ಚೂರು ತೆಗೆದು ಲ್ಯಾಬ್‌ಗೆ ಕಳಿಸಿದ್ದಾರೆ ಅಂದುಕೊಳ್ಳಿ. ರಿಪೋರ್ಟ್‌ನಲ್ಲಿ ‘ಸ್ಕ್ವಾಮಸ್ ಸೆಲ್ ಕಾರ್ಸಿನೋಮ’ದ (ಚರ್ಮದ, ಬಾಯಿಯ ಒಳಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಪಕ್ಕ ಇನ್ನೊಂದು ಮಾತಿರುತ್ತದೆ: ವೆಲ್, ಮಾಡರೇಟ್ಲಿ ಅಥವಾ ಪೂರ್ಲಿ ಡಿಫರೆನ್ಷಿಯೇಟೆಡ್. ಅಂದರೆ ಕೋಶ ಚೆನ್ನಾಗಿ, ಸುಮಾರಾಗಿ ಅಥವಾ ಕಡಿಮೆ ಬಲಿತಿದೆ ಅಂತ. ಇದು ಸ್ಟೇಜ್ (ಗಡ್ಡೆ ಎಷ್ಟು ದೊಡ್ಡದು, ಎಷ್ಟು ಹರಡಿದೆ ಅನ್ನುವ ಲೆಕ್ಕ) ಅಲ್ಲ, ಗ್ರೇಡ್. ಬೆಂಡೆಕಾಯಿ ಎಳೆಯದೋ ಬಲಿತದ್ದೋ ಅಂತ ನೋಡುತ್ತೇವಲ್ಲ, ಇಲ್ಲಿ ಜೀವಕೋಶವನ್ನು ಹಾಗೆ ನೋಡುತ್ತಾರೆ.

ಮೊದಲು ಆರೋಗ್ಯವಾದ ಚರ್ಮ ನೋಡೋಣ. ತಳದ ಸಾಲಿನ ಕೋಶಗಳ ಕೆಲಸ ಒಡೆದು ಎರಡಾಗುವುದು. ಮೇಲಕ್ಕೆ ಹತ್ತಿದ ಕೋಶ ಅದನ್ನು ಬಿಟ್ಟು, ಕೆರಾಟಿನ್ (ಉಗುರು, ಕೂದಲಲ್ಲಿರುವ ಗಟ್ಟಿ ಪ್ರೋಟೀನ್) ತುಂಬಿಕೊಂಡು, ಚಪ್ಪಟೆಯಾಗಿ, ಸತ್ತು ಉದುರುತ್ತದೆ. ಇದೇ ಬಲಿಯುವುದು. ಮೇಲೆ ಹೋದಂತೆ ಕ್ಯಾಲ್ಸಿಯಂ ಜಾಸ್ತಿಯಾಗುತ್ತದೆ, ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವ ಆ ಸುದ್ದಿಯನ್ನು ಒಳಗೆ ದಾಟಿಸುತ್ತದೆ, ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಮತ್ತೊಂದು ಕಿಣ್ವ ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೊಲಿದು ಕೋಶಕ್ಕೆ ಗಟ್ಟಿ ಕವಚ ಕಟ್ಟುತ್ತದೆ.

ಆಮೇಲೆ ಎದುರು ಪಾರ್ಟಿ. ಕೋಶದ ಹೊರಪೊರೆಯಲ್ಲಿ ಕೂತ ಇಜಿಎಫ್‌ಆರ್ ಕೂಡ ಒಂದು ಕೈನೇಸ್. ಅದರ ಹುಕುಂ ಒಂದೇ: ಒಡೆಯುತ್ತಲೇ ಇರು. ಬಾಯಿ, ಗಂಟಲಿನ ಈ ಕ್ಯಾನ್ಸರ್‌ಗಳಲ್ಲಿ ಬಹಳಷ್ಟರಲ್ಲಿ ಇದು ಅತಿಯಾಗಿರುತ್ತದೆ. ಕೋಶಕ್ಕೆ ಬಲಿಯಲು ಪುರುಸೊತ್ತೇ ಇಲ್ಲ.

ಹಾಗಾದರೆ ಕಿಣ್ವವನ್ನು ಕಟ್ಟಿಹಾಕಿದರೆ ಆಯಿತು, ಅಲ್ವಾ? ಯಾವ ಕಿಣ್ವ ಅನ್ನುವುದೇ ತಕರಾರು. ಇಜಿಎಫ್‌ಆರ್ ತಡೆಯುವ ಸೆಟುಕ್ಸಿಮ್ಯಾಬ್‌ಗೆ 2006ರಲ್ಲಿ ಅಮೆರಿಕದಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು. ಒಳ್ಳೆಯ ಚರ್ಮಕ್ಕೂ ಅದೇ ಕಿಣ್ವ ಬೇಕಾದ್ದರಿಂದ, ಔಷಧ ತೆಗೆದುಕೊಂಡವರ ಮುಖದಲ್ಲಿ ಮೊಡವೆಯಂಥ ಗುಳ್ಳೆ ಏಳುವುದು ಸಾಮಾನ್ಯ. ಇದಕ್ಕಿಂತ ವಿಚಿತ್ರವಾದದ್ದು ಸೆಮಗಾಸೆಸ್ಟಾಟ್ ಕಥೆ. ಅಲ್ಜೈಮರ್ಸ್‌ಗೆಂದು ಮಾಡಿದ ಈ ಮಾತ್ರೆ ಗಾಮಾ ಸೆಕ್ರಿಟೇಸ್ ಎಂಬ ಕಿಣ್ವವನ್ನು ತಡೆಯುತ್ತಿತ್ತು. ಮರೆವು ವಾಸಿಯಾಗುವ ಬದಲು ಹೆಚ್ಚಿತು, ಚರ್ಮದ ಕ್ಯಾನ್ಸರ್ ಕೂಡ ಜಾಸ್ತಿ ಕಂಡುಬಂತು, 2010ರಲ್ಲಿ ಪ್ರಯೋಗ ನಿಂತಿತು. ಚರ್ಮದ ಕ್ಯಾನ್ಸರ್ ಯಾಕೆ ಗೊತ್ತಾ? ನಾಚ್ ಎಂಬ ಪ್ರೋಟೀನನ್ನು ಕತ್ತರಿಸಿ, ಬಲಿಯುವ ಸಂದೇಶವನ್ನು ಬಿಡಿಸಿ ಕಳಿಸುವುದು ಇದೇ ಕಿಣ್ವ! ಮರುವರ್ಷವೇ ತಲೆ-ಕುತ್ತಿಗೆಯ ಗಡ್ಡೆಗಳಲ್ಲೂ ನಾಚ್ ಜೀನ್ ಕೆಟ್ಟಿರುವುದು ಪತ್ತೆಯಾಯಿತು.

ಈಗ ರಿಪೋರ್ಟ್‌ಗೆ ವಾಪಸ್ ಬನ್ನಿ. ‘ಕೆರಾಟಿನ್ ಪರ್ಲ್’ ಅಂತ ಇದ್ದರೆ, ಈರುಳ್ಳಿ ಸುತ್ತಿನಂತೆ ಕೆರಾಟಿನ್ ಕಟ್ಟಿದೆ, ಕೋಶಗಳು ಇನ್ನೂ ಸ್ವಲ್ಪ ಬಲಿಯುತ್ತಿವೆ ಅಂತ ಅರ್ಥ. ಅದು ವೆಲ್. ಪೂರ್ಲಿ ಅಂದರೆ ಎಲ್ಲವೂ ಎಳೆಯವು, ಎಲ್ಲಿಂದ ಬಂದವು ಅಂತ ಗುರುತಿಸಲು ಪೆಥಾಲಜಿಸ್ಟ್ ಕೆಲವೊಮ್ಮೆ ಬೇರೆ ಬಣ್ಣದ ಪರೀಕ್ಷೆಯನ್ನೇ ಮಾಡಬೇಕಾಗುತ್ತದೆ. ಗ್ರೇಡ್ ನೋಡಿ ಸುಮ್ನೆ ಗಾಬರಿಯಾಗಬೇಡಿ, ಡಾಕ್ಟರ ಹತ್ತಿರ ಸ್ಟೇಜ್ ಕೇಳಿ. ಚಿಕಿತ್ಸೆ ಹೆಚ್ಚಾಗಿ ನಿರ್ಧಾರವಾಗುವುದು ಅದರ ಮೇಲೆ.