ಕಷ್ಟದಲ್ಲಿ ಕಟ್ಟಿಕೊಂಡ ಹರಕೆಯನ್ನು ಕಷ್ಟದಲ್ಲೇ ತೀರಿಸತೊಡಗಿದೆ

ಹರಕೆ ಕಟ್ಟಿಕೊಳ್ಳುವುದನ್ನು ನಮ್ಮ ಕ್ರೈಸ್ತ ಸಭೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಸ್ಪತ್ರೆಯ ವರಾಂಡದಲ್ಲೋ ಬ್ಯಾಂಕಿನ ನೋಟಿಸು ಬಂದ ರಾತ್ರಿಯೋ ಎಲ್ಲರೂ ಕಟ್ಟಿಕೊಂಡವರೇ. ತೀರಿಸುವ ಹೊತ್ತಿಗೆ ಕೈ ಹಿಂದಾಗುತ್ತದೆ. ನಾನು ತೀರಿಸಿದ್ದೇನೆ. ಆಗದ ಮಾತು ಎಂದಿದ್ದವರೇ ಈಗ ನನ್ನ ಲೆಕ್ಕದ ಪುಸ್ತಕ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ನನ್ನದು ಶಾಲೆಯ ಯೂನಿಫಾರ್ಮ್ ಹೊಲಿಯುವ ಅಂಗಡಿ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಹತ್ತಿರಹತ್ತಿರ ಮೂರು ಲಕ್ಷದ ಬಟ್ಟೆ ಉದ್ರಿ ತಂದಿಟ್ಟಿದ್ದೆ. ಆ ವರ್ಷ ಜೂನ್ ಸೀಸನ್ನೇ ಇಲ್ಲ. ಆಗ ದೇವರಿಗೆ ಮೂರು ಮಾತು ಕೊಟ್ಟೆ: ಬಂದದ್ದರಲ್ಲೆಲ್ಲ ದಶಮಾಂಶ ಅಂದರೆ ಹತ್ತನೆಯ ಒಂದು ಪಾಲು, ತಂದೆಯಿಲ್ಲದ ಒಂದು ಮಗುವಿಗೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಫೀ, ಶುಕ್ರವಾರ ಉಪವಾಸ.

'ಕೈ ಸುಧಾರಿಸಲಿ, ಆಮೇಲೆ ಕೊಟ್ಟರಾಯಿತು' ಎನ್ನುವುದು ಎಲ್ಲರ ಸಲಹೆ. ನಮ್ಮಣ್ಣ ನೇರವಾಗಿಯೇ ಅಂದ: "ಸಾಲಗಾರ ಬಾಗಲದಾಗ ನಿಂತಾನ, ನೀ ದೇವರಿಗೆ ಕೊಡ್ತೀನಿ ಅಂತಿ. ಮೊದಲ ಅವರ ರೊಕ್ಕಾ ಕೊಡು." ಆದರೆ ಬೈಬಲಿನ ಯಾಕೋಬನನ್ನು ನೋಡಿ. ಬೇತೇಲಿನಲ್ಲಿ ಹರಕೆ ಹೊತ್ತವನು ಸೋದರಮಾವ ಲಾಬಾನನ ಮನೆಯಲ್ಲಿ 20 ವರ್ಷ ದುಡಿದು, ಮಂದೆ ಕೂಡಿಸಿ, ಮರಳಿ ಬಂದು ಶೆಕೆಮಿನ ಬಳಿ ಹೊಲ ಕೊಂಡ. ಬೇತೇಲಿಗೆ ಹೋಗು ಎಂದು ಆದಿಕಾಂಡ 35ರಲ್ಲಿ ದೇವರೇ ಹೇಳಬೇಕಾಯಿತು. ಕೈ ತುಂಬಿದ ಮೇಲೆ ನೆನಪು ತಾನಾಗಿ ಬರುವುದಿಲ್ಲ. ಅದಕ್ಕೇ ಕೈ ಖಾಲಿ ಇದ್ದಾಗಲೇ ಶುರುಮಾಡಿದೆ. ಆಗ ಮಾಸ್ಕ್ ಹೊಲಿಯುತ್ತಿದ್ದೆವು, ಒಂದಕ್ಕೆ ನಾಲ್ಕೈದು ರೂಪಾಯಿ ಮಜೂರಿ. ಮೊದಲ ದಶಮಾಂಶ ನಲವತ್ತು ರೂಪಾಯಿ ಆಗಿತ್ತೇನೋ.

ಅಣ್ಣನ ಮಾತಿನಲ್ಲಿ ಸತ್ಯವೂ ಇತ್ತು. ತಂದೆತಾಯಿಗೆ ಸಲ್ಲಬೇಕಾದ್ದನ್ನು ಕೊರ್ಬಾನ್ ಎಂದು ದೇವರ ಹೆಸರಿಗೆ ಬರೆದುಬಿಡುವವರನ್ನು ಯೇಸು ಮಾರ್ಕ 7ರಲ್ಲಿ ಗದರಿಸಿದ್ದಾನೆ. ಅಮ್ಮನ ಬಿಪಿ ಮಾತ್ರೆಯ ದುಡ್ಡಿಗೆ ನಾನು ಒಂದು ದಿನವೂ ಕೈಹಾಕಲಿಲ್ಲ. ಬಟ್ಟೆ ವ್ಯಾಪಾರಿಗೂ ವಾರವಾರ ಅಷ್ಟಿಷ್ಟು ಕೊಡುತ್ತಾ ಹೋದೆ. 2023ರ ಸೀಸನ್ನಿನಲ್ಲಿ ಆ ಬಾಕಿ ಚುಕ್ತಾ ಆಯಿತು.

ಹೊಸ ಒಡಂಬಡಿಕೆಯವರಿಗೆ ಹರಕೆಯೇ ಬೇಡ, ಯೇಸು ಹೇಳಿದಂತೆ ಹೌದೆಂದರೆ ಹೌದು ಸಾಕು ಎಂದರು ಸಭೆಯ ಹಿರಿಯರೊಬ್ಬರು. ಅಪೊಸ್ತಲರ ಕೃತ್ಯಗಳು 18ರಲ್ಲಿ ಪೌಲನ ಪ್ರಸಂಗ ಬರುವಾಗ ಹರಕೆಗಾಗಿ ತಲೆಕೂದಲು ಕತ್ತರಿಸಿಕೊಂಡದ್ದು ಇದೆಯಲ್ಲ ಎಂದು ತೋರಿಸಿದೆ. ಅವರು ಒಪ್ಪಲಿಲ್ಲ, ನಾನೂ ಬಿಡಲಿಲ್ಲ.

ವಿಧಾನಕ್ಕೆ ಬರುತ್ತೇನೆ. ತಿಂಗಳ ಕೊನೆಗೆ ಲೆಕ್ಕ ಹಾಕಿ ಕೊಡುವುದು ನಡೆಯಲಿಲ್ಲ. ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ. ಗಲ್ಲಾದ ಪಕ್ಕ ಡಬ್ಬಿ ಇಟ್ಟದ್ದು ಚಿಲ್ಲರೆ ಬೇಕಾದಾಗಲೆಲ್ಲ ಖಾಲಿಯಾಯಿತು. ಫೋನ್‌ಪೇ ಬಂದಮೇಲಂತೂ ದುಡ್ಡು ಕಣ್ಣಿಗೇ ಬೀಳುವುದಿಲ್ಲ. ದೊಡ್ಡ ಪೆಟ್ಟು ಬಿದ್ದದ್ದು 2022ರ ಸೀಸನ್ನಿನಲ್ಲಿ. ಪೂರ್ತಿ ಬಿಲ್ಲಿನ ಮೇಲೆ ದಶಮಾಂಶ ತೆಗೆಯುತ್ತಿದ್ದೆ. ಒಂದು ಜೊತೆಗೆ ಸುಮಾರು ಏಳುನೂರು ಬಿಲ್ಲು ಅಂದರೆ ನಾನೂರೈವತ್ತು ಬಟ್ಟೆಯದೇ. ಎಪ್ಪತ್ತು ತೆಗೆದಿಟ್ಟು ಹೊಲಿಯುವವರ ಕೂಲಿ ಕೊಟ್ಟರೆ ಕರೆಂಟ್ ಬಿಲ್ಲಿಗೂ ಕೊರತೆ. ಜುಲೈ ಹೊತ್ತಿಗೆ ಇಪ್ಪತ್ತು ಸಾವಿರ ಕೈಸಾಲ. ಆಗ ಯಾಕೋಬನ ಮಾತನ್ನು ಮತ್ತೆ ಓದಿದೆ: ದೇವರು ತನಗೆ ಕೊಡುವುದರಲ್ಲಿ ಹತ್ತನೆಯ ಪಾಲು. ಬಟ್ಟೆ ವ್ಯಾಪಾರಿಯದು, ಮಜೂರಿ ನನ್ನದು. ಅಂದಿನಿಂದ ಮಜೂರಿಯ ಮೇಲೆ ಮಾತ್ರ. ಅಂಗಡಿ ಬಾಗಿಲು ಹಾಕುವ ಮುಂಚೆ ಆ ದಿನದ್ದನ್ನು ಬೇರೆ ಖಾತೆಗೆ ಹಾಕುತ್ತೇನೆ. ಆ ಖಾತೆಯ ಎಟಿಎಂ ಕಾರ್ಡು ಮನೆಯವಳ ಹತ್ತಿರ. ಇಷ್ಟೇ, ಇದು ನಡೆಯಿತು.

ಯಾಜಕಕಾಂಡ 27ರಲ್ಲಿ ದಶಮಾಂಶವಾಗಿ ಕೊಡಬೇಕಾದದ್ದನ್ನು ಹಣ ಕೊಟ್ಟು ಬಿಡಿಸಿಕೊಳ್ಳುವವನು ಐದನೆಯ ಒಂದು ಪಾಲು ಹೆಚ್ಚು ಕೊಡಬೇಕೆಂದಿದೆ. ಅದನ್ನೂ ಪ್ರಯೋಗ ಮಾಡಿದೆ: ಆ ವಾರದ್ದನ್ನು ಖಾತೆಗೆ ಹಾಕುವುದು ಶನಿವಾರ ದಾಟಿದರೆ ನೂರಕ್ಕೆ ನೂರಿಪ್ಪತ್ತು. ಆರು ತಿಂಗಳಲ್ಲಿ ತಡ ಮಾಡುವ ಚಾಳಿಯೇ ಹೋಯಿತು. ಇದನ್ನು ಉಪವಾಸಕ್ಕೂ ಹಚ್ಚಿ ನೋಡಿದೆ, ತಪ್ಪಿದ ಶುಕ್ರವಾರಕ್ಕೆ ದುಡ್ಡು. ಅದು ಸರಿಬರಲಿಲ್ಲ, ಹಣ ಕೊಟ್ಟು ಊಟ ಮಾಡಿದ ಹಾಗಾಯಿತು. ಈಗ ಶುಕ್ರವಾರ ತಪ್ಪಿದರೆ ಶನಿವಾರ ಉಪವಾಸ. ಜೂನ್‌ನಲ್ಲಿ ಮಷಿನ್ ಮೇಲೆ ಕುಳಿತೇ ಮಧ್ಯಾಹ್ನ ದಾಟಿಸಲು ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಭೆಗೆ ಕೊಟ್ಟು ಉಳಿದ ಪಾಲು ಎಲ್ಲಿಗೆ ಹೋಗುತ್ತದೆಂಬುದನ್ನೂ ಹೇಳುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತಿದೆ.

ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಹರಕೆ ಹೊತ್ತ ದಿನವೇ ಮನೆಯಲ್ಲಿ ಹೇಳಿ. ಅರಣ್ಯಕಾಂಡ 30ರಲ್ಲಿ ಹೆಂಡತಿಯ ಹರಕೆಯನ್ನು ಗಂಡ ಕೇಳಿದ ದಿನವೇ ಬೇಡವೆನ್ನಬಹುದು, ಸುಮ್ಮನಿದ್ದರೆ ಆ ಹರಕೆ ಊರ್ಜಿತವಾಗುತ್ತದೆ. ನಾನು ಅದನ್ನು ತಿರುಗಿಸಿ, ಬೇಡವೆನ್ನುವ ಹಕ್ಕನ್ನು ಮನೆಯವಳಿಗೆ ಕೊಟ್ಟೆ. ಅವಳು ಬೇಡ ಅನ್ನಲಿಲ್ಲ. ಮುಂದೆ ಕೈಸಾಲದ ತಿಂಗಳಲ್ಲಿ ನಾನು ಜಗ್ಗಿದಾಗ ಹಿಡಿದು ನಿಲ್ಲಿಸಿದವಳೂ ಅವಳೇ.

ಐದು ವರ್ಷದಲ್ಲಿ ದಶಮಾಂಶ ಒಂದೂವರೆ ಲಕ್ಷ ದಾಟಿರಬೇಕು, ಫೀ ಬೇರೆ ಎಪ್ಪತ್ತೈದು ಸಾವಿರದ ಆಸುಪಾಸು. 2020ರಲ್ಲಿ ಆರನೆಯ ತರಗತಿಯಲ್ಲಿದ್ದ ಹುಡುಗಿ 2025ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಪಿಯುಸಿ ಫೀ ನನ್ನ ಹರಕೆಯಲ್ಲಿ ಇರಲಿಲ್ಲ. ಅದನ್ನು ಹೊಸ ಹರಕೆ ಮಾಡಿಕೊಳ್ಳಬಾರದೆಂದು ನಾನೂ ಮನೆಯವಳೂ ತೀರ್ಮಾನಿಸಿದೆವು. ಹರಕೆ ಹೊರದಿದ್ದರೆ ದೋಷವಿಲ್ಲವೆಂದು ಧರ್ಮೋಪದೇಶಕಾಂಡ 23 ಹೇಳುತ್ತದೆ. ಫೀ ಮಾತ್ರ ಕಟ್ಟಿದ್ದೇವೆ, ಅರ್ಧ ದುಡ್ಡು ನಮ್ಮಣ್ಣನದು.