ಹಳೇ ಬೆಳ್ಳಿ ಸಿಕ್ಕಿತಾ? ತಕ್ಷಣ ಉಜ್ಜಬೇಡಿ

ಅಮೆರಿಕದಲ್ಲಿ ಚಳಿ ಮುಗಿದರೆ ಯಾರ್ಡ್ ಸೇಲ್ ಶುರು. ಶನಿವಾರ ಬೆಳಿಗ್ಗೆ ಮನೆ ಮುಂದೆ ಮಡಚುವ ಟೇಬಲ್ ಹಾಕಿ ಬೇಡವಾದ ಸಾಮಾನನ್ನೆಲ್ಲ ಮಾರಿಬಿಡುತ್ತಾರೆ. ಟೋಸ್ಟರ್, ಮಕ್ಕಳ ಸೈಕಲ್ಲು, ಅವುಗಳ ಮಧ್ಯೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕುಸಿಕ್ಕಾದ ಸರ, ಓಲೆ, ಬಟ್ಟೆಗೆ ಚುಚ್ಚಿಕೊಳ್ಳುವ ಬ್ರೂಚು. ಅದರೊಳಗೆ ಕೆಲವೊಮ್ಮೆ ಹೆಸರಾಂತ ವಿನ್ಯಾಸಕಾರರ ಬೆಳ್ಳಿ ಇರುತ್ತದೆ. ಇಲ್ಲಿನ ಕನ್ನಡದವರು ಅದನ್ನು ಹುಡುಕುವುದರಲ್ಲಿ ಚುರುಕು. ಕೆಡಿಸುವುದು ಮನೆಗೆ ತಂದ ಮೇಲೆ. ಕಪ್ಪು ಕಂಡರೆ ಸಾಕು, ದೇವರ ದೀಪ ತಿಕ್ಕಿದ ಹಾಗೆ ತಿಕ್ಕಿ, ಫಳಫಳ ಹೊಳೆಸಿ, ವಾಟ್ಸ್ಆ್ಯಪ್ ಗ್ರೂಪಿಗೆ ಫೋಟೊ ಹಾಕುತ್ತಾರೆ. ಅಷ್ಟರಲ್ಲಿ ಒಡವೆಯ ಬೆಲೆ ಸಿಂಕಿನಲ್ಲಿ ಹರಿದುಹೋಗಿರುತ್ತದೆ.

1. ಹೊರಡುವ ಮುಂಚೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಪುಟ್ಟ ಭೂತಗನ್ನಡಿ, ಚಿಕ್ಕ ಅಯಸ್ಕಾಂತ, ಚಿಲ್ಲರೆ ನೋಟು. ಬೆಳಕಿಗೆ ಫೋನಿನ ಟಾರ್ಚ್ ಸಾಕು.

2. ಹಿಂಭಾಗ ಓದಿ

ಮುಂಭಾಗದ ಅಂದ ಆಮೇಲೆ ನೋಡಿದರಾಯಿತು. ಮೊದಲು ತಿರುಗಿಸಿ. ಕೊಂಡಿಯ ಪಕ್ಕ, ಉಂಗುರದ ಒಳಮೈ, ಓಲೆಯ ಕಡ್ಡಿ, ಬ್ರೂಚಿನ ಪಿನ್ನಿನ ಬುಡ, ಇಲ್ಲೆಲ್ಲ ಮುದ್ರೆ ಇರುತ್ತದೆ. 'ಸ್ಟರ್ಲಿಂಗ್' ಅಥವಾ 925 ಎಂದಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. 830 ಕಂಡರೆ ಬಿಸಾಡಬೇಡಿ. ಸ್ಕ್ಯಾಂಡಿನೇವಿಯಾದ ಹಳೆ ಒಡವೆಗಳಲ್ಲಿ ಅದು ಮಾಮೂಲು, ಅದೂ ನಿಜವಾದ ಬೆಳ್ಳಿಯೇ.

ಚಿನ್ನ, ಬೆಳ್ಳಿಯ ಮುದ್ರೆಗೆ ಸಂಬಂಧಿಸಿದ ಅಮೆರಿಕದ 1906ರ ಕಾನೂನಿಗೆ 1961ರಲ್ಲಿ ತಿದ್ದುಪಡಿ ತಂದರು. ಶುದ್ಧತೆಯ ಮುದ್ರೆ ಒತ್ತಿದವರು ಪಕ್ಕದಲ್ಲಿ ತಮ್ಮ ಟ್ರೇಡ್‌ಮಾರ್ಕನ್ನೂ ಒತ್ತಬೇಕು ಎಂದಾಯಿತು. ಹಾಗಾಗಿ ಆಮೇಲಿನ ಅಮೆರಿಕದ ಮಾಲಿನಲ್ಲಿ ಬರೀ 925 ಇದ್ದು ಬೇರೇನೂ ಇಲ್ಲದಿದ್ದರೆ ಸ್ವಲ್ಪ ಅನುಮಾನಪಡಿ.

'ಜರ್ಮನ್ ಸಿಲ್ವರ್', 'ನಿಕ್ಕಲ್ ಸಿಲ್ವರ್', 'ಅಲ್ಪಾಕಾ' ಎಂದಿದ್ದರೆ ಕೆಳಗಿಡಿ. ಬೆಂಗಳೂರಿನ ಮದುವೆ, ಗೃಹಪ್ರವೇಶಗಳಲ್ಲಿ ಈಗ ಕುಂಕುಮದ ಬಟ್ಟಲಾಗಿ ಕೈಗೆ ಬರುವುದು ಇದೇ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು. ಹೆಸರಿನಲ್ಲಿ ಬಿಟ್ಟರೆ ಬೆಳ್ಳಿ ಎಲ್ಲೂ ಇಲ್ಲ. ಇಪಿಎನ್‌ಎಸ್ ಎಂದರೆ ಅದರ ಮೇಲೊಂದು ತೆಳು ಬೆಳ್ಳಿ ಲೇಪ, ಅಷ್ಟೆ.

ಇನ್ನು ದೊಡ್ಡ ಹೆಸರುಗಳು. ಬೆಳ್ಳಿ ಕುಶಲಕರ್ಮಿ ಜಾರ್ಜ್ ಜೆನ್ಸನ್ 1904ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕಾರ್ಯಾಗಾರ ತೆರೆದರು. ಎರಡನೇ ಮಹಾಯುದ್ಧದ ನಂತರದ ಒಡವೆಗಳಲ್ಲಿ ಚುಕ್ಕಿಗಳ ಅಂಡಾಕಾರದೊಳಗೆ ಹೆಸರಿರುತ್ತದೆ, ಜೊತೆಗೆ ವಿನ್ಯಾಸದ ನಂಬರ್. ಮೆಕ್ಸಿಕೊದ ಟಾಸ್ಕೊ ಊರಿನಲ್ಲಿ ಅಮೆರಿಕದ ವಿನ್ಯಾಸಕಾರ ವಿಲಿಯಂ ಸ್ಪ್ರಾಟ್ಲಿಂಗ್ 1931ರಲ್ಲಿ ಶುರು ಮಾಡಿದ ಕಾರ್ಯಾಗಾರದಿಂದ ಒಂದು ಪರಂಪರೆಯೇ ಬೆಳೆಯಿತು. ಅಲ್ಲಿನ ಹಳೆ ಮಾಲಿನಲ್ಲಿ ಸರ್ಕಾರದ ಹದ್ದಿನ ಮುದ್ರೆ ಸಿಗಬಹುದು. ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಹಳೆಯ ಕಡಗಗಳಲ್ಲಿ ಎಷ್ಟೋ ಸಲ ಮುದ್ರೆಯೇ ಇರುವುದಿಲ್ಲ, ಹಾಗಂತ ಕೈಬಿಡಬೇಡಿ.

ಅಮೆರಿಕದ ಒಡವೆ ಕಂಪನಿ ಟಿಫನಿಯ ಹೆಸರು ಕಂಡರೆ ಮಾತ್ರ ಖುಷಿಪಡುವ ಮೊದಲು ಲೂಪ್ ಹಿಡಿಯಿರಿ. ಅವರ ಹೃದಯದ ಆಕಾರದ ಪದಕದ ಬ್ರೇಸ್‌ಲೆಟ್‌ಗೆ ನಕಲಿ ಲೆಕ್ಕವಿಲ್ಲದಷ್ಟು. ನಕಲಿ ಮಾಲಿನ ವಿಷಯಕ್ಕೇ ಟಿಫನಿ 2004ರಲ್ಲಿ ಆನ್‌ಲೈನ್ ಮಾರಾಟ ತಾಣ ಇಬೇ ಮೇಲೆ ಕೇಸು ಹಾಕಿ, 2008ರಲ್ಲಿ ಸೋತಿತು. ಅಕ್ಷರಗಳ ಅಂಚು ಮಸುಕಾಗಿದೆಯಾ, ಸಾಲು ಓರೆಯಾಗಿದೆಯಾ ನೋಡಿ. ಸರಪಳಿಯ ಒಂದೊಂದು ಪುಟ್ಟ ಉಂಗುರದ ಬಾಯಿ ಬೆಸೆದಿದೆಯಾ ನೋಡಿ. ಬಾಯಿ ಬಿಟ್ಟುಕೊಂಡಿದ್ದರೆ ಒಳ್ಳೆ ಕಾರ್ಯಾಗಾರದ ಕೆಲಸವಲ್ಲ.

3. ರಿಪೇರಿಯ ಗುರುತು ಹುಡುಕಿ

ಕೀಲಿನ ಬಳಿ ಬೂದು ಬಣ್ಣದ ಗಂಟು ಕಂಡರೆ ಯಾರೋ ಸೀಸದ ಬೆಸುಗೆ ಹಾಕಿದ್ದಾರೆ. ಅಕ್ಕಸಾಲಿಗರು ಇಂಥದ್ದನ್ನು ಮುಟ್ಟಲು ಹಿಂಜರಿಯುತ್ತಾರೆ. ಕಾಯಿಸಿದರೆ ಸೀಸ ಬೆಳ್ಳಿಯನ್ನೇ ತಿನ್ನುತ್ತದೆ. ಅಂಚು ಸವೆದ ಕಡೆ ಹಳದಿ ಇಣುಕಿದರೆ ಅದು ಲೇಪದ ಮಾಲು.

ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ, ಆದರೆ ಅಂಟದಿದ್ದರೆ ಬೆಳ್ಳಿ ಎಂದೂ ಅಲ್ಲ. ಹಿತ್ತಾಳೆಯೂ ಅಂಟುವುದಿಲ್ಲ. ಕೊಂಡಿಯೊಳಗಿನ ಉಕ್ಕಿನ ಸ್ಪ್ರಿಂಗ್ ಅಂಟುತ್ತದೆ, ಅದಕ್ಕೆ ಗಾಬರಿ ಬೇಡ. ಐಸ್ ತುಂಡು ಇಟ್ಟು ಬೇಗ ಕರಗುತ್ತದಾ ನೋಡಿ ಅನ್ನುವ ವಿಡಿಯೊಗಳಿವೆಯಲ್ವಾ, ಅದು ಸುಮ್ನೆ ಕಾಲಹರಣ. ತಾಮ್ರದ ಮೇಲೂ ಹಾಗೇ ಕರಗುತ್ತದೆ.

ಬೆಲೆ ಕೇಳುವಾಗ ಒಂದೊಂದಕ್ಕೆ ಕೇಳಬೇಡಿ, ಡಬ್ಬಿಗೇ ಕೇಳಿ.

4. ಮನೆಯಲ್ಲಿ ತೂಕ

ಹರಳಿಲ್ಲದ, ಟೊಳ್ಳಲ್ಲದ ಒಡವೆಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಮನೆಯಲ್ಲಿ ಇಲ್ಲ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಮೊದಲು ಒಣದಾಗಿ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಒಡವೆಯನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೆ ತಾಗದಂತೆ ಇಳಿಬಿಡಿ. ಮೈಗೆ ಅಂಟಿದ ಗುಳ್ಳೆಗಳನ್ನು ಅಲುಗಾಡಿಸಿ ಬಿಡಿಸಿ. ಮೊದಲ ತೂಕವನ್ನು ಈಗ ಕಾಣುವ ಸಂಖ್ಯೆಯಿಂದ ಭಾಗಿಸಿ. 41.4 ಗ್ರಾಮಿನ ಕಡಗ ನೀರಲ್ಲಿ 4.0 ತೋರಿಸಿದರೆ ಉತ್ತರ 10.35, ಸ್ಟರ್ಲಿಂಗ್ ಇರುವುದೇ ಅಲ್ಲಿ. ಹಿತ್ತಾಳೆ, ಜರ್ಮನ್ ಸಿಲ್ವರ್ ಆದರೆ ಎಂಟೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಸಿಡ್ ಕಿಟ್ ತರಿಸಬೇಡಿ. ಒಡವೆಗೆ ಗೀರು, ಕೈಗೆ ಸುಟ್ಟಗಾಯ, ಎರಡೂ ಸಿಗುತ್ತವೆ.

5. ತೊಳೆಯುವುದು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಮೊದಲು ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಮಕ್ಕಳ ಮೆತ್ತನೆ ಟೂತ್‌ಬ್ರಷ್. ವರ್ಷಗಟ್ಟಲೆ ಕೂತ ಲೋಷನ್, ಧೂಳು ಹೋಗುತ್ತದೆ. ಕೊಳೆ ಅಂದುಕೊಂಡಿದ್ದರಲ್ಲಿ ಬಹಳಷ್ಟು ಇದೇ ಆಗಿರುತ್ತದೆ. ಒರೆಸಿ, ಒಣಗಿಸಿ, ಕಿಟಕಿ ಬೆಳಕಿಗೆ ಹಿಡಿಯಿರಿ.

ಈಗ ಕಾಣುವ ಕಪ್ಪಿನಲ್ಲಿ ಎರಡು ಥರ. ಒಂದು, ಗಾಳಿಯಲ್ಲಿರುವ ಗಂಧಕ ಬೆಳ್ಳಿಗೆ ತಾಗಿ ತಾನಾಗಿ ಬಂದದ್ದು. ಅದು ಉಬ್ಬು, ತಗ್ಗು ಎಲ್ಲ ಕಡೆ ಮಬ್ಬಾಗಿ ಹರಡಿರುತ್ತದೆ. ಇನ್ನೊಂದು, ಮಾಡಿದವರು ಬೇಕೆಂದೇ ತಗ್ಗುಗಳಲ್ಲಿ ಕೂರಿಸಿದ್ದು. ಜೆನ್ಸನ್ ಬ್ರೂಚಿನ ಎಲೆಯ ನರಗಳಲ್ಲಿ, ಟಾಸ್ಕೊ ಕಡಗದ ಗೆರೆಗಳಲ್ಲಿ, ನವಾಹೊ ಅಚ್ಚಿನ ಗುಂಡಿಗಳಲ್ಲಿ ಅದೇ ಕಪ್ಪು ಇರುವುದರಿಂದ ಚಿತ್ತಾರ ಎದ್ದು ಕಾಣುತ್ತದೆ. ಅದು ಹೋದರೆ ಒಡವೆ ಸಪ್ಪೆ.

ರಾಸಾಯನಿಕವಾಗಿ ಎರಡೂ ಒಂದೇ, ಸಿಲ್ವರ್ ಸಲ್ಫೈಡ್. ಆದ್ದರಿಂದ ಯಾವ ದ್ರಾವಣಕ್ಕೂ ಯಾವುದನ್ನು ಬಿಡಬೇಕು ಎಂದು ಗೊತ್ತಾಗುವುದಿಲ್ಲ. ಬಟ್ಟೆ ಉಬ್ಬನ್ನು ಮಾತ್ರ ಮುಟ್ಟುತ್ತದೆ, ತಗ್ಗಿಗೆ ಇಳಿಯುವುದಿಲ್ಲ. ಅದಕ್ಕೇ ನನ್ನ ಮಾತು ಇಷ್ಟೇ: ಬೆಳ್ಳಿ ಪಾಲಿಷ್ ಬಟ್ಟೆ, ಬೇರೇನೂ ಬೇಡ.

ಬಟ್ಟೆಯನ್ನು ಬೆಂಕಿಪೊಟ್ಟಣದಗಲ ಕತ್ತರಿಸಿ, ಪೆನ್ಸಿಲ್ ರಬ್ಬರಿನ ಚಪ್ಪಟೆ ಮೈಗೆ ಬಿಗಿಯಾಗಿ ಸುತ್ತಿ. ಬೆರಳಿಗೆ ಸುತ್ತಿದರೆ ಮೆತ್ತಗಿನ ತುದಿ ತಗ್ಗಿನೊಳಗೆ ಹೋಗುತ್ತದೆ. ಒಂದೇ ದಿಕ್ಕಿನಲ್ಲಿ, ಹಗುರವಾಗಿ ಎಳೆಯಿರಿ, ಸುತ್ತುಸುತ್ತಾಗಿ ಬೇಡ. ನಾಲ್ಕಾರು ಸಲ ಎಳೆದರೆ ಬಟ್ಟೆ ಕಪ್ಪಾಗುತ್ತದೆ, ಹೊಸ ಜಾಗಕ್ಕೆ ತಿರುಗಿಸಿ. ಉಬ್ಬು ಬೆಳ್ಳಗಾಗಿ, ಪಕ್ಕದ ಗೆರೆ ಕಪ್ಪಾಗೇ ಉಳಿದ ಕ್ಷಣ ಕೈ ಎತ್ತಿ. ಇನ್ನೊಂಚೂರು ಅನ್ನಿಸುತ್ತದೆ, ಬೇಡ. ಮುದ್ರೆಯ ಮೇಲಂತೂ ಉಜ್ಜಲೇಬೇಡಿ, ಸವೆದರೆ ಯಾರ ಕೆಲಸ ಎಂದು ತೋರಿಸಲು ಏನೂ ಉಳಿಯುವುದಿಲ್ಲ.

ಟರ್ಕಾಯ್ಸ್, ಮುತ್ತು, ಹವಳ, ಓಪಲ್ ಇದ್ದರೆ ಸೋಪಿನ ನೀರಲ್ಲೂ ನೆನೆಸಬೇಡಿ. ಒದ್ದೆ ಬಟ್ಟೆ ಹಿಂಡಿ, ಹರಳಿನ ಸುತ್ತ ಒರೆಸಿದರೆ ಮುಗಿಯಿತು.

ಫಾಯಿಲ್ ಉಪಾಯ ಎಲ್ಲರಿಗೂ ಗೊತ್ತು. ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಒಂದು ಕಪ್ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ, ಒಡವೆ ಫಾಯಿಲ್‌ಗೆ ತಾಗುವಂತೆ ಕೆಲವು ನಿಮಿಷ. ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗುವಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆಯೂ ಅದೇ. ಬೇಕಾದ ಕಪ್ಪನ್ನೂ ಕಿತ್ತುಬಿಡುತ್ತದೆ, ಬಿಸಿನೀರು ಹರಳಿನ ಅಂಟನ್ನು ಸಡಿಲ ಮಾಡುತ್ತದೆ. ಬಟ್ಟೆ ಹೋಗದ, ಹರಳಿಲ್ಲದ, ಚಿತ್ತಾರವಿಲ್ಲದ ಸಾದಾ ಸರಪಳಿಗೆ ಮಾತ್ರ ಸರಿ.

ಅದ್ದಿ ತೆಗೆಯುವ ಬಾಟಲಿ ದ್ರಾವಣ ನನ್ನ ಮನೆಗೆ ಬರುವುದಿಲ್ಲ. ಆಸಿಡ್, ಥಯೋಯೂರಿಯಾ ಎಂಬ ರಾಸಾಯನಿಕ ಎರಡೂ ಸೇರಿರುತ್ತವೆ, ಬೆಳ್ಳಿ ಸುಣ್ಣ ಬಳಿದಂತೆ ಸತ್ತ ಬಿಳಿಯಾಗುತ್ತದೆ. ಟೂತ್‌ಪೇಸ್ಟ್ ಬೇಡ, ಬೆಳ್ಳಿ ಮೆತ್ತಗಿನ ಲೋಹ, ಅದರ ಪುಡಿ ಗೀರುತ್ತದೆ. ಹುಣಸೆಹಣ್ಣು ಹಿತ್ತಾಳೆಗಿರಲಿ. ಅಜ್ಜಿಯ ವಿಭೂತಿ ಸಾದಾ ದೇವರ ಸಾಮಾನಿಗೆ ಚೆನ್ನ, ಆದರೆ ಕೆತ್ತನೆಯಲ್ಲಿ ಬಿಳಿ ಪುಡಿ ಕೂತರೆ ಸೂಜಿ ಹಿಡಿದು ತೆಗೆಯಬೇಕಾಗುತ್ತದೆ.

6. ಇಡುವುದು

ಜಿಪ್ ಕವರಿನಲ್ಲಿ, ಒಂದರಲ್ಲಿ ಒಂದೇ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಹತ್ತಿರ ಬೇಡ, ಎರಡರಲ್ಲೂ ಗಂಧಕ ಇರುತ್ತದೆ. ಹಾಕಿಕೊಂಡು ಓಡಾಡಿದರೆ ಇನ್ನೂ ಒಳ್ಳೆಯದು, ಮೈಗೆ ಉಜ್ಜಿಯೇ ಕಪ್ಪು ಕಡಿಮೆಯಾಗುತ್ತದೆ.

ಮಾರುವ ಯೋಚನೆ ಇದ್ದರೆ ಸೋಪಿನ ನೀರಿಗೇ ನಿಲ್ಲಿಸಿ. ಮುದ್ರೆಯ ಫೋಟೊ ಲೂಪ್ ಮೂಲಕ ತೆಗೆದು ಜೊತೆಗೆ ಹಾಕಿ. ಸಂಗ್ರಹಕಾರರು ಕಪ್ಪು ನೋಡಿ ಹಿಂದೆ ಸರಿಯುವುದಿಲ್ಲ, ಎಷ್ಟು ಉಜ್ಜಬೇಕೆಂದು ಅವರೇ ನೋಡಿಕೊಳ್ಳುತ್ತಾರೆ.